ಪೋಲೆಂಡಿನ ಜಾಜ್ ಫ್ಯೂಷನ್, ಕಣ್ತಪ್ಪಿದ ಸ್ಯಾಕ್ಸೊಫೋನ್ ಆಲ್ಬಮ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಒಂದು ಆಲ್ಬಮ್ ಹೇಳಿ ಅಂದ್ರೆ ಯಾವುದು?

‘ವಿನೊಬ್ರಾನಿಯೆ’. ಜ್ಬಿಗ್ನಿಯೆಫ್ ನಾಮಿಸ್ವೋಫ್‌ಸ್ಕಿ ಕ್ವಿಂಟೆಟ್ (ಐವರ ತಂಡ), 1973. ಹೆಸರಿನ ಅರ್ಥ ದ್ರಾಕ್ಷಿ ಕೊಯ್ಲು. ಮುಂದೆ ನಿಂತವರು ಮೂರು ಜನ ಊದುವವರು: ನಾಮಿಸ್ವೋಫ್‌ಸ್ಕಿ ಆಲ್ಟೊ (ಎತ್ತರ ದನಿಯ) ಸ್ಯಾಕ್ಸ್, ತೊಮಾಶ್ ಶುಕಾಲ್‌ಸ್ಕಿ ಟೆನರ್ (ಅದಕ್ಕಿಂತ ತಗ್ಗು ದನಿಯ) ಸ್ಯಾಕ್ಸ್ ಮತ್ತು ಬಾಸ್ ಕ್ಲಾರಿನೆಟ್, ಸ್ತಾನಿಸ್ವಾಫ್ ಚೆಶ್ಲಾಕ್ ಟ್ರಾಂಬೋನ್. ಹಿಂದೆ ಬಾಸ್, ಡ್ರಮ್ಸ್. ಗಿಟಾರ್ ಇಲ್ಲ. ಬೇಕಾದ ಕಡೆ ನಾಮಿಸ್ವೋಫ್‌ಸ್ಕಿಯವರೇ ಪಿಯಾನೊ ಮುಂದೆ ಕೂರುತ್ತಾರೆ, ಚೆಲ್ಲೊ ಎತ್ತಿಕೊಳ್ಳುತ್ತಾರೆ.

ಇದನ್ನು ಪೂರ್ತಿ ಫ್ಯೂಷನ್ ಅನ್ನೋಕಾಗಲ್ಲ. ಫ್ಯೂಷನ್ನಿನ ಹೊಸ್ತಿಲಲ್ಲಿ ನಿಂತ ಆಲ್ಬಮ್ ಇದು. ಲಯ ಆಗಲೇ ಫಂಕ್ (ಕುಣಿಸುವ ಹೊಡೆತದ ಅಮೆರಿಕನ್ ಸಂಗೀತ) ಕಡೆ ವಾಲಿದೆ, ವಾದ್ಯಗಳು ಇನ್ನೂ ಕರೆಂಟಿಗೆ ಸಿಕ್ಕಿಕೊಂಡಿಲ್ಲ. ಇದರಲ್ಲಿ ‘ತಾಜ್ ಮಹಲ್’ ಅಂತ ಒಂದು ಕೃತಿಯೂ ಇದೆ. ಹೆಸರು ನೋಡಿ ಸಿತಾರ್ ಬರುತ್ತೆ ಅಂದುಕೊಳ್ಳಬೇಡಿ.

ಇದು ಹಿಡಿಸಿದರೆ ಮರುದಿನವೇ 1975ರ ‘ಕುಯಾವ್ಯಾಕ್ ಗೋಸ್ ಫಂಕಿ’ ಹಾಕಿ. ಅಲ್ಲಿ ಟ್ರಾಂಬೋನ್ ಹೋಗಿ ವೊಯ್ಚೆಕ್ ಕರೋಲಾಕ್ ಅವರ ಎಲೆಕ್ಟ್ರಿಕ್ ಪಿಯಾನೊ ಬಂದಿದೆ. ಚೆಸ್ವಾಫ್ ಬಾರ್ತ್‌ಕೋಫ್‌ಸ್ಕಿ ಡ್ರಮ್ಸ್. ಎರಡು ವರ್ಷಗಳಲ್ಲಿ ಒಂದು ದೇಶದ ಜಾಜ್ ಎಲ್ಲಿಂದ ಎಲ್ಲಿಗೆ ಬಂತು ಅನ್ನೋದು ಈ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಗೊತ್ತಾಗುತ್ತದೆ.

ಇಲ್ಲಿ ಫ್ಯೂಷನ್ ಅಂದ್ರೆ ಏನು? ನಮ್ಮ ಫ್ಯೂಷನ್ ಥರಾನಾ?

ಅಲ್ಲ. ನಮ್ಮಲ್ಲಿ ಫ್ಯೂಷನ್ ಅಂದರೆ ಮೃದಂಗದ ಪಕ್ಕ ಡ್ರಮ್ಸ್, ವೀಣೆಯ ಪಕ್ಕ ಕೀಬೋರ್ಡ್. ಜಾಜ್‌ನಲ್ಲಿ ಆ ಮಾತು ಬಂದಿದ್ದು ಜಾಜ್ ಮತ್ತು ರಾಕ್ ಸೇರಿದಾಗ. 1960ರ ದಶಕದ ಕೊನೆಗೆ ಅಮೆರಿಕದ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಎಲೆಕ್ಟ್ರಿಕ್ ಪಿಯಾನೊ, ಎಲೆಕ್ಟ್ರಿಕ್ ಗಿಟಾರ್ ಒಳಗೆ ಬಿಟ್ಟುಕೊಂಡರಲ್ಲ, ಅಲ್ಲಿಂದ ಶುರು. ಆಮೇಲೆ ಫಂಕ್ ಸೇರಿತು, ಸಿಂಥಸೈಜರ್ ಸೇರಿತು.

ಪೋಲೆಂಡಿನವರು ಇದಕ್ಕೆ ಮೂರನೆಯದೊಂದನ್ನು ಸೇರಿಸಿದರು: ತಮ್ಮ ಹಳ್ಳಿಯ ಕುಣಿತದ ಲಯ. ಕುಯಾವ್ಯಾಕ್ ಅನ್ನೋದು ಪೋಲೆಂಡಿನ ಕುಯಾವಿ ಸೀಮೆಯ ನಿಧಾನಗತಿಯ ಜಾನಪದ ನೃತ್ಯ. ಮೂರು ಎಣಿಕೆಯದು. ಮಜುರ್ಕಾ ಅನ್ನೋ ಕುಣಿತದ ಮನೆತನಕ್ಕೇ ಸೇರಿದ್ದು, ಪೋಲೆಂಡಿನ ಹೆಸರಾಂತ ಸಂಗೀತಕಾರ ಶೋಪನ್ ಕೂಡ ಇದನ್ನು ಬಳಸಿಕೊಂಡಿದ್ದಾರೆ. ಮೂರರ ಕುಣಿತ, ನಾಲ್ಕರ ಫಂಕ್. ಇವೆರಡನ್ನೂ ಒಂದೇ ಕೋಣೆಗೆ ತಂದು ಬಾಗಿಲು ಹಾಕಿದ್ದೇ ನಾಮಿಸ್ವೋಫ್‌ಸ್ಕಿ ಮಾಡಿದ ಕೆಲಸ.

ಇದು 1975ರಲ್ಲಿ ಇದ್ದಕ್ಕಿದ್ದಂತೆ ಹೊಳೆದ ಐಡಿಯಾ ಅಲ್ಲ. ಅವರ 1966ರ ಕ್ವಾರ್ಟೆಟ್ ಆಲ್ಬಮ್ಮಿನಲ್ಲೇ ‘ಪ್ಯೊಂತಾಫ್ಕಾ’ ಐದು ಎಣಿಕೆಯಲ್ಲಿದೆ, ‘ಶುದ್ಮಾಫ್ಕಾ’ ಏಳರಲ್ಲಿದೆ. ತಾಳ ಹಾಕುತ್ತಾ ಕೇಳುವ ಅಭ್ಯಾಸ ಇರುವವರಿಗೆ ಇಲ್ಲಿ ಒಂದು ಲಾಭ ಇದೆ. ಖಂಡ, ಮಿಶ್ರ ಎಣಿಸಿ ರೂಢಿಯಿದ್ದರೆ ಈ ಐದು, ಏಳು ಹೆದರಿಸುವುದಿಲ್ಲ. ಪಾಶ್ಚಾತ್ಯ ಕೇಳುಗರಿಗೆ ಕಷ್ಟ ಅನಿಸುವ ಜಾಗದಲ್ಲಿ ನೀವು ಆರಾಮಾಗಿ ಕೂರಬಹುದು.

ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಜಾಜ್‌ಗೆ ನಿಷೇಧ ಇರಲಿಲ್ವಾ?

ಸ್ಟಾಲಿನ್ ಕಾಲದಲ್ಲಿ ಜಾಜ್ ಮೇಲೆ ಕೆಂಗಣ್ಣು ಇತ್ತು. ಸಂಗೀತಗಾರರು ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಸೇರಿ ನುಡಿಸುತ್ತಿದ್ದರು. ಆ ವರ್ಷಗಳನ್ನು ಪೋಲೆಂಡಿನ ಜಾಜ್ ಜನ ಈಗಲೂ ‘ಕ್ಯಾಟಕೋಂಬ್ (ನೆಲದಡಿಯ ಸಮಾಧಿ ಸುರಂಗ) ಕಾಲ’ ಅಂತಲೇ ಕರೆಯುತ್ತಾರೆ. 1956ರಲ್ಲಿ ರಾಜಕೀಯ ಬಿಗಿ ಸಡಿಲವಾಯಿತು. ಅದೇ ವರ್ಷ ಸೊಪೊಟ್ ಅನ್ನುವ ಕಡಲತೀರದ ಊರಿನಲ್ಲಿ ದೊಡ್ಡ ಜಾಜ್ ಹಬ್ಬ ಆಯಿತು. ಪಿಯಾನೊ ವಾದಕ ಕ್ಶಿಶ್ತೋಫ್ ಕೊಮೆದಾ ತಮ್ಮ ಆರು ಜನರ ಸೆಕ್ಸ್‌ಟೆಟ್ ಜೊತೆ ಅಲ್ಲಿ ನುಡಿಸಿದರು. 1958ರಲ್ಲಿ ವಾರ್ಸಾದ ಜಾಜ್ ಜಾಂಬೊರಿ ಹಬ್ಬ ಶುರುವಾಯಿತು. ಅಮೆರಿಕದ ಜಾಜ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಪೋಲೆಂಡಿನಲ್ಲಿ ಕಛೇರಿ ಪ್ರವಾಸ ಮಾಡಿದ್ದೂ ಅದೇ ವರ್ಷ.

ಆಮೇಲೆ ಸರ್ಕಾರ ಬೇರೆ ದಾರಿ ಹಿಡಿಯಿತು. ಜಾಜನ್ನು ತಡೆಯೋದಕ್ಕಿಂತ ಸಾಕಿಕೊಳ್ಳೋದೇ ವಾಸಿ ಅಂತ. ರೆಕಾರ್ಡ್ ಕಂಪನಿ ಸರ್ಕಾರದ್ದು, ರೇಡಿಯೊ ಸರ್ಕಾರದ್ದು, ವಿದೇಶಕ್ಕೆ ಕಲಾವಿದರನ್ನು ಕಳಿಸುವ ಪಗಾರ್ತ್ ಸಂಸ್ಥೆಯೂ ಸರ್ಕಾರದ್ದು. ಹಾಡಿನಲ್ಲಿ ಮಾತಿದ್ದರೆ ಸೆನ್ಸಾರ್ ಕಾಟ. ಸ್ಯಾಕ್ಸೊಫೋನಿಗೆ ಮಾತೇ ಇಲ್ಲವಲ್ಲ!

‘ಪೋಲಿಷ್ ಜಾಜ್’ ಸರಣಿ ಅಂತ ಎಲ್ಲರೂ ಹೇಳ್ತಾರೆ. ಏನದು?

ಸರ್ಕಾರಿ ಕಂಪನಿ ಪೋಲ್‌ಸ್ಕಿಯೆ ನಗ್ರಾನ್ಯಾ 1965ರಲ್ಲಿ ಶುರು ಮಾಡಿದ ಎಲ್ಪಿ (ದೊಡ್ಡ ಗ್ರಾಮಫೋನ್ ಡಿಸ್ಕ್) ಸರಣಿ. ಲೇಬಲ್ ಹೆಸರು ಮೂಜಾ. 1989ರ ಹೊತ್ತಿಗೆ 76 ಸಂಪುಟ ಬಂದಿದ್ದವು. ಒಂದೊಂದಕ್ಕೂ ನಂಬರ್ ಇದೆ, ಆ ನಂಬರೇ ನಿಮ್ಮ ದಾರಿದೀಪ. ಕೊಮೆದಾ ಅವರ ‘ಆಸ್ಟಿಗ್ಮ್ಯಾಟಿಕ್’ 5ನೆಯದು. ‘ವಿನೊಬ್ರಾನಿಯೆ’ 33, ‘ಕುಯಾವ್ಯಾಕ್’ 46. 2015ರಲ್ಲಿ ಕಂಪನಿ ವಾರ್ನರ್ ಮ್ಯೂಸಿಕ್ ಪೋಲೆಂಡ್ ಕೈಗೆ ಹೋಯಿತು. 2016ರಲ್ಲಿ ಸರಣಿ ಮತ್ತೆ ಶುರುವಾದಾಗ 77ನೇ ಸಂಪುಟ ಯಾರದ್ದು ಗೊತ್ತಾ? ಮತ್ತೆ ನಾಮಿಸ್ವೋಫ್‌ಸ್ಕಿಯದ್ದೇ. ಆಗ ಅವರಿಗೆ ಎಪ್ಪತ್ತು ದಾಟಿತ್ತು. 2022ರಲ್ಲಿ ತೀರಿಕೊಂಡರು.

ಒಂದು ಎಚ್ಚರಿಕೆ. ಸರಣಿಯಲ್ಲಿ ಡಿಕ್ಸಿಲ್ಯಾಂಡ್ (ಹಳೇ ಶೈಲಿಯ ಜಾಜ್) ಇದೆ, ಹಾಡುಗಾರರ ಗುಂಪು ಇದೆ, ಫ್ರೀ ಜಾಜ್ (ಲಯ, ರಾಗದ ಕಟ್ಟುಪಾಡಿಲ್ಲದ್ದು) ಇದೆ. ಕಣ್ಣು ಮುಚ್ಚಿ ಯಾವುದೋ ನಂಬರ್ ತೆಗೆದರೆ ಫ್ಯೂಷನ್ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಫ್ಯೂಷನ್ ಬೇಕಾದವರು ಹೆಚ್ಚುಕಡಿಮೆ 33ರಿಂದ 60ರೊಳಗೆ ಹುಡುಕಬೇಕು.

ಇಷ್ಟು ಚೆನ್ನಾಗಿದ್ರೆ ಜಗತ್ತಿಗೆ ಯಾಕೆ ಗೊತ್ತಾಗಲಿಲ್ಲ?

ಮುಖ್ಯ ಕಾರಣ ಸರಳ. ಆ ಎಲ್ಪಿಗಳು ಪೋಲೆಂಡ್ ಮತ್ತು ಅಕ್ಕಪಕ್ಕದ ಸಮಾಜವಾದಿ ದೇಶಗಳ ಅಂಗಡಿಗಳಿಗೆ ಹೋದವು. ನ್ಯೂಯಾರ್ಕ್, ಲಂಡನ್ ಅಂಗಡಿಗಳಿಗೆ ಹೋಗಿದ್ದು ಅಪರೂಪ. ವಿಮರ್ಶಕರ ಕೈಗೆ ಡಿಸ್ಕೇ ಸಿಗದಿದ್ದರೆ ಬರೆಯೋದೇನು? 1964ರಲ್ಲಿ ನಾಮಿಸ್ವೋಫ್‌ಸ್ಕಿ ಲಂಡನ್ನಿನಲ್ಲಿ ಡೆಕ್ಕಾ ಕಂಪನಿಗೆ ‘ಲೋಲಾ’ ರೆಕಾರ್ಡ್ ಮಾಡಿದರು. ಪಶ್ಚಿಮದಲ್ಲಿ ಬಂದ ಮೊದಲ ಪೋಲಿಷ್ ಜಾಜ್ ಎಲ್ಪಿ ಅದು. ಬಾಗಿಲು ತೆರೆಯಿತು ಅನ್ನುವಷ್ಟರಲ್ಲಿ ಮತ್ತೆ ಮುಚ್ಚಿತು.

ಹೆಸರುಗಳೂ ಕಾರಣ. ಅಂಗಡಿಯವನಿಗೆ ಹೇಳೋಕೇ ಬರದ ಹೆಸರಿನ ಡಿಸ್ಕ್ ಹಿಂದಿನ ಸಾಲಿಗೆ ಹೋಗುತ್ತದೆ.

ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. ಪೋಲಿಷ್ ಫ್ಯೂಷನ್ನಿನ ಒಳ್ಳೆಯ ಸ್ಯಾಕ್ಸ್ ವಾದನ ಬಹಳಷ್ಟು ಬೇರೆಯವರ ಹೆಸರಿನ ಆಲ್ಬಮ್‌ಗಳಲ್ಲಿ ಅಡಗಿದೆ. ಮುಖಪುಟದಲ್ಲಿ ಪಿಯಾನೊದವರ ಹೆಸರು, ತುತ್ತೂರಿಯವರ ಹೆಸರು, ಗಿಟಾರಿನವರ ಹೆಸರು. ಸ್ಯಾಕ್ಸ್ ಊದಿದವರ ಹೆಸರು ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ. ಈ ಪುಟದಲ್ಲಿ ನಾನು ಹೇಳಬೇಕೆಂದಿರೋದು ಹೆಚ್ಚುಕಡಿಮೆ ಇಷ್ಟೇ: ಮುಖಪುಟ ನೋಡಬೇಡಿ, ಹಿಂಬದಿ ಓದಿ.

ಹಾಗೆ ಹಿಂಬದಿಯಲ್ಲೇ ಉಳಿದವರು ಯಾರು?

ಶುಕಾಲ್‌ಸ್ಕಿ. ತೊಮಾಶ್ ಶುಕಾಲ್‌ಸ್ಕಿ. 1947ರಲ್ಲಿ ಹುಟ್ಟಿದರು, 2012ರಲ್ಲಿ ಹೋದರು. ಗೆಳೆಯರು ‘ಶಾಕಲ್’ ಅಂತ ಕರೆಯುತ್ತಿದ್ದರು, ಅಂದರೆ ನರಿಯ ದಾಯಾದಿ ಗುಳ್ಳೆನರಿ. ಟೆನರ್, ಸೊಪ್ರಾನೊ, ಬಾಸ್ ಕ್ಲಾರಿನೆಟ್ ಮೂರರಲ್ಲೂ ಪಳಗಿದ ಕೈ.

ಅವರು ಎಲ್ಲೆಲ್ಲಿ ಇದ್ದಾರೆ ನೋಡಿ. ‘ವಿನೊಬ್ರಾನಿಯೆ’ಯಲ್ಲಿ ಇದ್ದಾರೆ. ‘ಕುಯಾವ್ಯಾಕ್’ನಲ್ಲಿ ಇದ್ದಾರೆ. ತುತ್ತೂರಿ ವಾದಕ ತೊಮಾಶ್ ಸ್ತಾಂಕೊ ಅವರ ‘ಟ್ವೆಟ್’ನಲ್ಲಿ (ಸರಣಿಯ 39) ಇದ್ದಾರೆ. ಟ್ವೆಟ್ ಅಂದರೆ ನುಡಿಸಿದ ನಾಲ್ವರ ಮೊದಲಕ್ಷರ. ಅದರಲ್ಲಿ ಎರಡು ಟಿ ಇಬ್ಬರು ತೊಮಾಶರದ್ದು. 1976ರಲ್ಲಿ ಜರ್ಮನಿಯ ಇಸಿಎಂ ರೆಕಾರ್ಡ್ ಕಂಪನಿ ತಂದ ‘ಬಲ್ಲಾದಿನಾ’ದಲ್ಲೂ ಇದ್ದಾರೆ, ಬ್ರಿಟಿಷ್ ಬಾಸ್ ವಾದಕ ಡೇವ್ ಹಾಲೆಂಡ್ ಪಕ್ಕದಲ್ಲಿ. ಇವೆರಡೂ ಫ್ಯೂಷನ್ ಅಲ್ಲ, ಫ್ರೀ ಜಾಜ್ ಕಡೆಯವು. ಆದರೂ ಕೇಳಿ. ಒಬ್ಬನೇ ಮನುಷ್ಯ ಫಂಕ್ ಮೇಲೆ ಹೇಗೆ ಊದುತ್ತಾನೆ, ಲಯವೇ ಕರಗಿಹೋದ ಜಾಗದಲ್ಲಿ ಹೇಗೆ ಊದುತ್ತಾನೆ ಅಂತ ಹೋಲಿಸಿ ನೋಡಬಹುದು. ಎರಡೂ ಕಡೆ ಅದೇ ದಪ್ಪ ನಾದ. ಎರಡೂ ಕಡೆ ಅದೇ ಅವಸರವಿಲ್ಲದ ಆರಂಭ, ಆಮೇಲೆ ಒಮ್ಮೆಲೇ ಕಿರುಚು.

ನಾಮಿಸ್ವೋಫ್‌ಸ್ಕಿ ಪಕ್ಕದಲ್ಲಿ ಶುಕಾಲ್‌ಸ್ಕಿ ಯಾಕೆ ಅಷ್ಟು ಚೆನ್ನಾಗಿ ಹೊಂದುತ್ತಾರೆ ಅನ್ನೋದು ಎರಡು ಸಲ ಕೇಳಿದರೆ ಗೊತ್ತಾಗುತ್ತೆ. ಆಲ್ಟೊ ಹರಿತ, ಚುರುಕು, ಮಾತಿಗೆ ಮಾತು ಕೊಡುವ ಸ್ವಭಾವದ್ದು. ಟೆನರ್ ಒರಟು, ಮಣ್ಣಿನದ್ದು. ನಾಮಿಸ್ವೋಫ್‌ಸ್ಕಿ ಬರೆದ ಸುತ್ತುಬಳಸಿನ ರಾಗಗಳನ್ನು ಇಬ್ಬರೂ ಒಟ್ಟಿಗೆ ಊದಿದಾಗ ಒಬ್ಬ ಗೆರೆ ಎಳೆದ ಹಾಗೆ, ಇನ್ನೊಬ್ಬ ಬಣ್ಣ ತುಂಬಿದ ಹಾಗೆ ಇರುತ್ತದೆ.

ಕೊನೆಗೂ ಮುಖಪುಟದಲ್ಲಿ ಅವರ ಹೆಸರು ಬೇಕು ಅಂದರೆ 1985ರ ‘ಟೈಮ್ ಕಿಲ್ಲರ್ಸ್’ ಇದೆ. ಕರೋಲಾಕ್, ಶುಕಾಲ್‌ಸ್ಕಿ, ಬಾರ್ತ್‌ಕೋಫ್‌ಸ್ಕಿ. ‘ಕುಯಾವ್ಯಾಕ್’ನ ಐವರಲ್ಲಿ ಮೂವರು ಹತ್ತು ವರ್ಷದ ಮೇಲೆ ಮತ್ತೆ ಸೇರಿದ್ದು. ಕರೋಲಾಕ್ ಇಲ್ಲಿ ಸುತ್ತ ಕೀಬೋರ್ಡ್‌ಗಳನ್ನು ಹರಡಿಕೊಂಡಿದ್ದಾರೆ. 80ರ ದಶಕದ ಸಿಂಥಸೈಜರ್ ಅಂದ್ರೆ ಮೂಗು ಮುರಿಯುವವರೂ ಈ ಒಂದಕ್ಕೆ ವಿನಾಯಿತಿ ಕೊಡಬಹುದು. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾದ ಆಲ್ಬಮ್ ಇದು. ಪೋಲೆಂಡಿನಲ್ಲಿ ಇದಕ್ಕೆ ದೊಡ್ಡ ಮರ್ಯಾದೆ ಇದೆ. ಗಡಿ ದಾಟಿದರೆ ಕೇಳಿದವರೇ ಕಡಿಮೆ.

ಮೀಹಾವ್ ಉರ್ಬಾನಿಯಾಕ್ ಪಿಟೀಲು ವಾದಕರಲ್ವಾ? ಸ್ಯಾಕ್ಸ್ ಪಟ್ಟಿಯಲ್ಲಿ ಯಾಕೆ?

ಪಿಟೀಲಿನಿಂದ ಹೆಸರು ಬಂತು, ನಿಜ. ಆದರೆ ಜಾಜ್‌ಗೆ ಅವರು ಬಂದಿದ್ದು ಸ್ಯಾಕ್ಸೊಫೋನ್ ಹಿಡಿದು. 1971ರ ‘ಲೈವ್ ರೆಕಾರ್ಡಿಂಗ್’ (ಸರಣಿಯ 24) ಮತ್ತು 1973ರ ‘ಕಾನ್ಸ್ಟಲೇಷನ್: ಇನ್ ಕನ್ಸರ್ಟ್’ (36) ಕೇಳಿ. ಅಮೆರಿಕಕ್ಕೆ ಹೋಗುವ ಮುಂಚಿನ ಉರ್ಬಾನಿಯಾಕ್ ಇಲ್ಲಿದ್ದಾರೆ. 1973ರಲ್ಲಿ ಅವರು ಅಮೆರಿಕ ಸೇರಿದರು. ಅದೇ ವರ್ಷ ರೆಕಾರ್ಡ್ ಆದ ಆಲ್ಬಮ್ಮೊಂದನ್ನು ಕೊಲಂಬಿಯಾ ಕಂಪನಿ ಮುಂದಿನ ವರ್ಷ ಅಲ್ಲಿ ‘ಫ್ಯೂಷನ್’ ಅಂತಲೇ ಹೆಸರಿಟ್ಟು ಮಾರಿತು. ಆಮೇಲಿನ ಆಲ್ಬಮ್‌ಗಳಲ್ಲಿ ಅವರು ಲಿರಿಕಾನ್ ಕೂಡ ನುಡಿಸಿದ್ದಾರೆ. ಸ್ಯಾಕ್ಸಿನ ಥರ ಊದಿದರೆ ಸಿಂಥಸೈಜರ್ ಸದ್ದು ಬರುವ ವಾದ್ಯ ಅದು.

ಅವರ ಗುಂಪಿನಲ್ಲಿ ಉರ್ಶುಲಾ ದುಜಾಕ್ ಅವರ ಧ್ವನಿಯೇ ಇನ್ನೊಂದು ಊದುವಾದ್ಯ. ಮಾತಿಲ್ಲದೆ, ಎಲೆಕ್ಟ್ರಾನಿಕ್ ಎಫೆಕ್ಟ್ ಹಾಕಿಕೊಂಡು ಹಾಡುತ್ತಾರೆ. ಅವರ ‘ಪಪಾಯಾ’ ಹಾಡು 2007ರಲ್ಲಿ ಫಿಲಿಪೀನ್ಸ್ ಟಿವಿಯಲ್ಲಿ ಕುಣಿತದ ಹುಚ್ಚು ಹಿಡಿಸಿದ್ದು ಇನ್ನೊಂದು ಕಥೆ.

ಸ್ಯಾಕ್ಸ್ ಬಿಟ್ಟು ಪಿಟೀಲಿಗೆ ಹೋದ ಇನ್ನೊಬ್ಬರು ಇದ್ದಾರಂತಲ್ಲ?

ಜ್ಬಿಗ್ನಿಯೆಫ್ ಸೈಫರ್ಟ್. ಕ್ರಾಕೋವ್‌ನವರು. ಸ್ತಾಂಕೊ ಅವರ 1970ರ ‘ಮ್ಯೂಸಿಕ್ ಫಾರ್ ಕೆ’ಯಲ್ಲಿ (ಸರಣಿಯ 22) ಇವರು ಆಲ್ಟೊ ಸ್ಯಾಕ್ಸ್, ಯಾನುಶ್ ಮುನ್ಯಾಕ್ ಟೆನರ್. ಆಲ್ಬಮ್ ಹೆಸರಿನ ‘ಕೆ’ ಅಂದರೆ 1969ರಲ್ಲಿ ತೀರಿಕೊಂಡ ಕೊಮೆದಾ. ಆಮೇಲೆ ಸೈಫರ್ಟ್ ಸ್ಯಾಕ್ಸ್ ಕೆಳಗಿಟ್ಟು ಪಿಟೀಲು ಎತ್ತಿಕೊಂಡರು. ಜಾನ್ ಕೋಲ್ಟ್ರೇನ್ ಸ್ಯಾಕ್ಸಿನಲ್ಲಿ ಮಾಡಿದ್ದನ್ನು ಪಿಟೀಲಿನಲ್ಲಿ ಮಾಡಬೇಕು ಅನ್ನೋದು ಅವರ ಹಟ. 1979ರಲ್ಲಿ, 32ನೇ ವಯಸ್ಸಿಗೇ ಕ್ಯಾನ್ಸರ್‌ಗೆ ಬಲಿಯಾದರು.

ಇವರ ಮೂಲಕ ಬೆಂಗಳೂರಿಗೊಂದು ದಾರಿ ಇದೆ. ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಅವರ 1976ರ ‘ಹೆಲೆನ್ 12 ಟ್ರೀಸ್’ ಅನ್ನುವ ಫ್ಯೂಷನ್ ಆಲ್ಬಮ್ಮಿನಲ್ಲಿ ಸೈಫರ್ಟ್ ಪಿಟೀಲು ನುಡಿಸಿದ್ದಾರೆ. ಮರಿಯಾನೊ ನಾಗಸ್ವರ ಕಲಿತವರು. ಮುಂದೆ 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ, ಅಂದರೆ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಜೊತೆ, ಇಸಿಎಂಗೆ ‘ಜ್ಯೋತಿ’ ಮಾಡಿದರು. ಸೈಫರ್ಟ್‌ರಿಂದ ರಮಾಮಣಿಯವರಿಗೆ ನಡುವೆ ಒಬ್ಬರೇ ಮನುಷ್ಯ. ಮರಿಯಾನೊ ಅವರನ್ನೇ ಕೊಂಡಿಯಾಗಿ ಹಿಡಿದು ಕೇಳಿದರೆ ಒಂದು ಭಾನುವಾರ ಸುಮ್ನೆ ಕಳೆದುಹೋಗುತ್ತದೆ.

ಕದ್ರಿ ಗೋಪಾಲನಾಥ್ ಕೇಳಿ ಬೆಳೆದವರಿಗೆ ಇದು ಹಿಡಿಸುತ್ತಾ?

ಕರಾವಳಿಯವರಿಗೆ ಸ್ಯಾಕ್ಸೊಫೋನ್ ಅಂದರೆ ಮದುವೆ ಚಪ್ಪರ, ದೇವಸ್ಥಾನದ ಉತ್ಸವ. ಗೋಪಾಲನಾಥ್ ಅವರದ್ದೂ ಆಲ್ಟೊ, ನಾಮಿಸ್ವೋಫ್‌ಸ್ಕಿಯವರದ್ದೂ ಆಲ್ಟೊ. ಹೋಲಿಕೆ ಅಲ್ಲಿಗೆ ಮುಗಿಯಿತು ಅನ್ನಬಹುದು. ಗಮಕ ಹುಡುಕಬೇಡಿ, ಸಿಗಲ್ಲ. ಇಲ್ಲಿ ಸ್ವರಗಳು ಕಡಿದಾಗಿ ಬರುತ್ತವೆ. ನಡುವೆ ಬೇಕಂತಲೇ ಒಡೆದ ಸದ್ದು, ಉಸಿರಿನ ಸದ್ದು, ಕೀರಲು ಎಲ್ಲ ಇರುತ್ತದೆ. ಅದು ತಪ್ಪಲ್ಲ, ಅದೂ ಸಂಗೀತವೇ.

ಆದರೆ ಒಂದು ಕಡೆ ನಿಮ್ಮ ಕಿವಿಗೆ ಪರಿಚಯದ ಎಳೆ ಸಿಗಬಹುದು. ನಾಮಿಸ್ವೋಫ್‌ಸ್ಕಿ ಜಾಜ್‌ನ ಮಾಮೂಲಿ ಕಾರ್ಡ್ (ಸ್ವರಗುಚ್ಛ) ಓಟಗಳನ್ನು ಬಿಟ್ಟು ಹಳ್ಳಿಯ ಮಟ್ಟಿನ ನಾಲ್ಕಾರು ಸ್ವರಗಳ ಸುತ್ತಲೇ ಸುತ್ತುವ ಜಾಗಗಳಿವೆ. ಕಾರ್ಪೇಥಿಯನ್ ಬೆಟ್ಟದ ಗುರಾಲ್ ಜನರ ಸಂಗೀತದ ಮೇಲೆ ಅವರಿಗೆ ಬಹಳ ಪ್ರೀತಿ. 1995ರಲ್ಲಿ ಜಕೊಪಾನೆ ಊರಿನ ಬೆಟ್ಟದ ಪಿಟೀಲು ತಂಡವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಆಲ್ಬಮ್ ಮಾಡಿದರು. ಮೊದಲು ಅದನ್ನು ಕೇಳಿ, ಆಮೇಲೆ 70ರ ದಶಕಕ್ಕೆ ಹಿಂದಕ್ಕೆ ಬಂದರೂ ಆದೀತು.

ಕ್ರಾಕೋವ್ ಬ್ಯಾಂಡುಗಳ ಬಗ್ಗೆ ಹೇಳಿ.

ವಾರ್ಸಾದವರು ರಾಗ ಕಟ್ಟುವವರು, ಕ್ರಾಕೋವ್‌ನವರು ಸದ್ದು ಕಟ್ಟುವವರು ಅಂತ ಸ್ವಲ್ಪ ಉಡಾಫೆಯಿಂದ ಹೇಳಬಹುದು. ಎರಡು ಬ್ಯಾಂಡು ಮುಖ್ಯ.

ಲಬೊರಾತೋರ್ಯುಮ್ 1970ರಲ್ಲಿ ಹುಟ್ಟಿತು. ಕೀಬೋರ್ಡಿನ ಯಾನುಶ್ ಗ್ಜಿವಾಚ್ ನಾಯಕ. ಮಾರೆಕ್ ಸ್ತ್ರಿಶೋಫ್‌ಸ್ಕಿ ಆಲ್ಟೊ ಸ್ಯಾಕ್ಸ್, ಬಾಸ್ ಕ್ಲಾರಿನೆಟ್, ಜೊತೆಗೆ ಗಾಯನ. ಗಾಯನ ಅಂದರೆ ಸಾಹಿತ್ಯ ಅಲ್ಲ, ಬಾಯಿಂದ ಹೊರಡಿಸುವ ವಿಚಿತ್ರ ಸದ್ದುಗಳು. 1976ರ ‘ಮಾಡರ್ನ್ ಪೆಂಟಾಥ್ಲಾನ್’ (ಸರಣಿಯ 49) ಇವರ ಮೊದಲ ಎಲ್ಪಿ, ಅದೇ ಇವತ್ತಿಗೂ ಒಳ್ಳೆಯದು. ಇಲ್ಲಿ ಸ್ಯಾಕ್ಸ್ ಯಾವಾಗ ಮುಗಿಯಿತು, ಬಾಯಿ ಯಾವಾಗ ಶುರುವಾಯಿತು ಅಂತ ಕೆಲವೊಮ್ಮೆ ಗೊತ್ತೇ ಆಗಲ್ಲ. ಹೆಡ್‌ಫೋನ್ ಹಾಕಿ ಕೇಳಿ.

ಎಕ್ಸ್‌ಟ್ರಾ ಬಾಲ್ ಗಿಟಾರಿನ ಯಾರೊಸ್ವಾಫ್ ಶ್ಮಿಯೆತಾನಾ ಅವರ ಬ್ಯಾಂಡು. 1976ರ ‘ಬರ್ತ್‌ಡೇ’ (48) ಹುರುಪಿನ ಆಲ್ಬಮ್. ಅದರಲ್ಲಿ ಸ್ಯಾಕ್ಸ್ ಅಂದ್ಜೆಯ್ ಒಲೆಯ್ನಿಚಾಕ್. ಟೆನರ್, ಸೊಪ್ರಾನೊ ಎರಡೂ. ಇವರೂ ಹಿಂಬದಿಯ ಜನವೇ. ಮುಂದೆ ಸ್ಪೇನಿಗೆ ಹೋಗಿ ಬಿಲ್ಬಾವೊ ಕಡೆ ನೆಲೆಸಿದರು. ಹಾಗಾಗಿ ತವರಿನಲ್ಲೂ ಹೆಸರು ಸ್ವಲ್ಪ ಮಸುಕಾಯಿತು.

ಕ್ರಾಕೋವ್‌ಗೇ ಹೋಗುವವರಿದ್ದರೆ: ಮೇಲೆ ಹೇಳಿದ ಮುನ್ಯಾಕ್ ಫ್ಲೊರಿಯಾನ್‌ಸ್ಕಾ ಬೀದಿಯಲ್ಲಿ ಜಾಜ್ ಕ್ಲಬ್ ನಡೆಸುತ್ತಿದ್ದರು. 2016ರಲ್ಲಿ ಅವರು ತೀರಿಕೊಳ್ಳುವವರೆಗೂ ಪ್ರವಾಸಿಗರು ಕಾಫಿ ಕುಡಿಯುತ್ತಾ ಪೋಲೆಂಡಿನ ಜಾಜ್ ಇತಿಹಾಸವನ್ನು ಎರಡು ಮೀಟರ್ ದೂರದಿಂದ ಕೇಳಬಹುದಿತ್ತು. ಅವರ 1978ರ ‘ಕ್ವೆಶ್ಚನ್ ಮಾರ್ಕ್’ (54) ಫ್ಯೂಷನ್ ಕಡಿಮೆ, ಟೆನರ್ ಜಾಸ್ತಿ.

‘ಪಾಚಿ ಮಾರುವವರು’ ಅಂತ ಒಂದು ಆಲ್ಬಮ್ ಇದೆಯಂತೆ, ತಮಾಷೆನಾ?

ತಮಾಷೆ ಅಲ್ಲ. ‘ಸ್ಪ್ಶೆದಾಫ್ತ್ಸಿ ಗ್ಲೊನುಫ್’, 1973. ಯಾನ್ ‘ಪ್ತಾಶಿನ್’ ವ್ರುಬ್ಲೆಫ್‌ಸ್ಕಿ ಪೋಲಿಷ್ ರೇಡಿಯೊದ ಜಾಜ್ ಸ್ಟುಡಿಯೊ ತಂಡದಿಂದ ಮಾಡಿಸಿದ್ದು. ದೊಡ್ಡ ವಾದ್ಯವೃಂದ. ಸ್ವಿಂಗ್, ಫಂಕ್, ಫ್ರೀ ಎಲ್ಲವೂ ಒಂದೇ ಪಾತ್ರೆಯಲ್ಲಿ. ಪ್ರತಿ ನಿಮಿಷವೂ ಚೆನ್ನಾಗಿದೆ ಅನ್ನಲಾರೆ, ಕೆಲವು ಕಡೆ ಸುಮ್ನೆ ಎಳೆಯುತ್ತದೆ. ಆದರೆ ಸರ್ಕಾರಿ ರೇಡಿಯೊ ದುಡ್ಡಿನಲ್ಲಿ ಇಂಥದ್ದೊಂದು ಆಗಿತ್ತಲ್ಲ ಅನ್ನೋದೇ ಖುಷಿ.

ವ್ರುಬ್ಲೆಫ್‌ಸ್ಕಿ ಟೆನರ್ ಮತ್ತು ಬ್ಯಾರಿಟೋನ್ ಸ್ಯಾಕ್ಸ್ ನುಡಿಸುತ್ತಿದ್ದರು. 1956ರ ಸೊಪೊಟ್‌ನಲ್ಲಿ ಕೊಮೆದಾ ಜೊತೆ ಇದ್ದರು. 1958ರಲ್ಲಿ ಅಮೆರಿಕದ ನ್ಯೂಪೋರ್ಟ್ ಹಬ್ಬದಲ್ಲಿ ನಾನಾ ದೇಶಗಳ ಯುವಕರ ಬ್ಯಾಂಡಿನಲ್ಲಿ ನುಡಿಸಿದರು. 1970ರಿಂದ ರೇಡಿಯೊದಲ್ಲಿ ‘ಮುಕ್ಕಾಲು ಗಂಟೆ ಜಾಜ್’ ಅನ್ನೋ ಅರ್ಥದ ಕಾರ್ಯಕ್ರಮ ನಡೆಸಿಕೊಟ್ಟರು, ದಶಕಗಟ್ಟಲೆ. 2024ರಲ್ಲಿ 88ನೇ ವಯಸ್ಸಿಗೆ ತೀರಿಕೊಂಡರು. ಪೋಲೆಂಡಿನ ಎಷ್ಟೋ ಜನರಿಗೆ ಜಾಜ್ ಅಂದರೆ ಅವರ ದನಿ.

ನನಗೆ ಜಾಜ್ ಗೊತ್ತಿಲ್ಲ, ರಾಕ್ ಕೇಳ್ತೀನಿ. ನನಗೇನಾದ್ರೂ ಇದೆಯಾ?

ಇದೆ. 1970ರ ‘ನಿಯೆಮೆನ್ ಎನಿಗ್ಮ್ಯಾಟಿಕ್’. ಚೆಸ್ವಾಫ್ ನಿಯೆಮೆನ್ ಪೋಲೆಂಡಿನ ಅತಿ ದೊಡ್ಡ ರಾಕ್ ಗಾಯಕ. ಹಿಂಬದಿ ಓದಿ: ಆಲ್ಟೊ ನಾಮಿಸ್ವೋಫ್‌ಸ್ಕಿ, ಟೆನರ್ ಉರ್ಬಾನಿಯಾಕ್, ಡ್ರಮ್ಸ್ ಬಾರ್ತ್‌ಕೋಫ್‌ಸ್ಕಿ. ಇನ್ನೊಂದು, ಬ್ರೇಕೌಟ್ ಬ್ಯಾಂಡಿನ 1969ರ ‘ನಾ ದ್ರುಗಿಮ್ ಬ್ಜೆಗು ತೆಂಚಿ’. ಅದರಲ್ಲಿ ಸ್ಯಾಕ್ಸ್, ಕೊಳಲು ವ್ವೊಜಿಮಿಯೆಶ್ ನಾಹೋರ್ನಿ. ಬ್ಲೂಸ್ ರಾಕ್ ನಡುವೆ ಅವರ ಊದು ಬಂದ ಕೂಡಲೇ ಹಾಡಿನ ಬಣ್ಣವೇ ಬದಲಾಗುತ್ತದೆ.

80ರ ದಶಕದ್ದು ಕೇಳಬಹುದಾ?

ಆರಿಸಿ ಕೇಳಿ. ನಾಮಿಸ್ವೋಫ್‌ಸ್ಕಿ ‘ಏರ್ ಕಂಡಿಷನ್’ ಅನ್ನೋ ಬ್ಯಾಂಡು ಕಟ್ಟಿ 1980ರಲ್ಲಿ ‘ಫಾಲೋ ಯುವರ್ ಕೈಟ್’ ತಂದರು. ಬಾಸ್ ಗಿಟಾರ್ ಕ್ಶಿಶ್ತೋಫ್ ಶ್ಚೆರಾನ್‌ಸ್ಕಿ, ಲಬೊರಾತೋರ್ಯುಮ್‌ನಿಂದ ಬಂದವರು. ಇದು ಎಲ್ಲ ಅರ್ಥದಲ್ಲೂ ಫ್ಯೂಷನ್. ನುಣುಪಾಗಿದೆ, ವೇಗವಾಗಿದೆ. ‘ಕುಯಾವ್ಯಾಕ್’ನ ಮಣ್ಣಿನ ವಾಸನೆ ಕಡಿಮೆ.

ಅದೇ ಶ್ಚೆರಾನ್‌ಸ್ಕಿ, ಅದೇ ಒಲೆಯ್ನಿಚಾಕ್ ಆಮೇಲೆ ‘ಸ್ಟ್ರಿಂಗ್ ಕನೆಕ್ಷನ್’ನಲ್ಲಿ ಸಿಗುತ್ತಾರೆ. ಪಿಟೀಲಿನ ಕ್ಶೆಸಿಮಿರ್ ದೆಂಬ್‌ಸ್ಕಿ ಬ್ಯಾಂಡು. 1982ರ ‘ವರ್ಕೊಹಾಲಿಕ್’ ಆಗ ಬಹಳ ಜನಪ್ರಿಯ. 1981ರ ಡಿಸೆಂಬರ್‌ನಲ್ಲಿ ಸೇನಾಡಳಿತ ಹೇರಿದ ಮೇಲಿನ ಕತ್ತಲ ದಿನಗಳು ಅವು. ಜನಕ್ಕೆ ಹಗುರವಾದ ಸಂಗೀತ ಬೇಕಿತ್ತು ಅನ್ನೋದು ಅರ್ಥವಾಗುತ್ತದೆ. ಇವತ್ತು ಕೇಳಿದರೆ ಸಕ್ಕರೆ ಸ್ವಲ್ಪ ಜಾಸ್ತಿ.

ಹೆಸರುಗಳನ್ನು ಹೇಗೆ ಹುಡುಕೋದು? ಸ್ಪೆಲ್ಲಿಂಗೇ ಬರಲ್ಲ.

ಸುಲಭದ ಉಪಾಯ: ಹೆಸರು ಬಿಡಿ, ‘ಪೋಲಿಷ್ ಜಾಜ್’ ಅಂತ ಬರೆದು ಸಂಪುಟದ ನಂಬರ್ ಹಾಕಿ. ಹೆಸರೇ ಬೇಕಾದರೆ ಪೋಲಿಷ್ ಲಿಪಿಯ ಅಡ್ಡಗೆರೆ, ಚುಕ್ಕಿ, ಬಾಲಗಳನ್ನೆಲ್ಲ ಬಿಟ್ಟು ಬರೀ ಇಂಗ್ಲಿಷ್ ಅಕ್ಷರ ಟೈಪ್ ಮಾಡಿ. ಡಿಸ್ಕಾಗ್ಸ್‌ನಲ್ಲೂ (ಡಿಸ್ಕ್‌ಗಳ ಮಾಹಿತಿ ಇರುವ ವೆಬ್‌ಸೈಟ್) ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಹೇಳುವಾಗ ಅಡ್ಡಗೆರೆ ಇರುವ ‘ಎಲ್’ ಅನ್ನು ‘ವ’ ಅನ್ನಿ, ‘ಡಬ್ಲ್ಯೂ’ ಅನ್ನು ‘ವಿ’ ಥರ ಅನ್ನಿ. ಅರ್ಧ ಕೆಲಸ ಮುಗಿಯಿತು.

ಡಿಸ್ಕಾಗ್ಸ್‌ನ ದೊಡ್ಡ ಉಪಯೋಗ ಬೇರೆ ಇದೆ. ಅಲ್ಲಿ ವಾದಕರ ಹೆಸರು ಒತ್ತಿದರೆ ಅವರು ನುಡಿಸಿದ ಎಲ್ಲ ಆಲ್ಬಮ್‌ಗಳೂ ಬರುತ್ತವೆ. ಶುಕಾಲ್‌ಸ್ಕಿ ಹೆಸರು ಒತ್ತಿ ನೋಡಿ. ಹಿಂಬದಿ ಓದಿ ಅಂದೆನಲ್ಲ, ಇದು ಅದರ ಈಗಿನ ಕಾಲದ ರೂಪ.

ಹಳೆಯ ಪ್ರೆಸ್ಸಿಂಗೇ ಬೇಕಾ, ರೀಇಷ್ಯೂ ಸಾಕಾ?

ಕೇಳೋದಕ್ಕೆ ರೀಇಷ್ಯೂ, ಅಂದರೆ ಮತ್ತೆ ಹೊರತಂದ ಪ್ರತಿ, ಸಾಕು. ವಾರ್ನರ್ 2016ರಿಂದ ಸರಣಿಯ ಬಹಳಷ್ಟು ಆಲ್ಬಮ್‌ಗಳನ್ನು ಎಲ್ಪಿಯಲ್ಲೂ ಸಿಡಿಯಲ್ಲೂ ಮತ್ತೆ ತಂದಿದೆ. ಲಬೊರಾತೋರ್ಯುಮ್‌ನಂಥ ಬ್ಯಾಂಡುಗಳ ರೇಡಿಯೊ ಮತ್ತು ಕಛೇರಿ ಟೇಪುಗಳನ್ನು ಪೋಲೆಂಡಿನ ಗಾಡ್ ರೆಕಾರ್ಡ್ಸ್ ಹುಡುಕಿ ಹೊರತರುತ್ತಿದೆ.

ಹಳೆಯದೇ ಬೇಕೆಂದರೆ ಲೇಬಲ್ ಮೇಲಿನ ಕೋಡ್ ನೋಡಿ. ‘ಎಕ್ಸ್ ಎಲ್’ ಅಂದರೆ ಮೊನೊ, ಮುಂದೆ ‘ಎಸ್’ ಸೇರಿದರೆ ಸ್ಟೀರಿಯೊ. ಹಳೆಯ ಮೂಜಾ ಡಿಸ್ಕ್‌ಗಳಲ್ಲಿ ಚರಚರ ಸದ್ದು ಇರೋದು ಮಾಮೂಲಿ. ಮಾರುವವರು ‘ಹೊಸದರಂತಿದೆ’ ಅಂದರೂ ಒಮ್ಮೆ ಫೋಟೊ ಕೇಳಿ. ಭಾರತಕ್ಕೆ ತರಿಸುವಾಗ ಅಂಚೆ ಖರ್ಚು, ಕಸ್ಟಮ್ಸ್ ಎರಡನ್ನೂ ಮೊದಲೇ ಲೆಕ್ಕ ಹಾಕಿ. ಡಿಸ್ಕಿಗಿಂತ ಅದೇ ಜಾಸ್ತಿ ಆಗೋದುಂಟು.

ಪೋಲಿಷ್ ಜಾಜ್ ಸೊಸೈಟಿಯ ಪೋಲ್‌ಜಾಜ್ ಲೇಬಲ್ ಬೇರೆ. ಅದು ಸದಸ್ಯರ ರೆಕಾರ್ಡ್ ಕ್ಲಬ್ಬಿನಿಂದ ಬೆಳೆದದ್ದು, ‘ಪೋಲಿಷ್ ಜಾಜ್’ ಸರಣಿಗೆ ಸೇರಿದ್ದಲ್ಲ. ನಿಜವಾಗಿ ಕಣ್ತಪ್ಪಿದ್ದು ಬೇಕೆಂದರೆ ಅಲ್ಲಿ ಅಗೆಯಿರಿ.

ಬೆಲೆ ಜಾಸ್ತಿ ಇರೋದು ಒಳ್ಳೆಯದು ಅಂತಾನಾ?

ಖಂಡಿತ ಅಲ್ಲ. ಡಿಜೆಗಳಿಗೆ, ಹಿಪ್‌ಹಾಪ್ ಮಾಡುವವರಿಗೆ ಎಂಟು ಸೆಕೆಂಡಿನ ಒಳ್ಳೆಯ ಡ್ರಮ್ಸ್ ತುಣುಕು ಸಿಕ್ಕರೆ ಸಾಕು, ಆ ಡಿಸ್ಕಿನ ಬೆಲೆ ಮೇಲೇರುತ್ತದೆ. ಉಳಿದ 38 ನಿಮಿಷ ಹೇಗಿದೆ ಅನ್ನೋದು ಬೆಲೆಯಲ್ಲಿ ಬರಲ್ಲ. ಹಾಗಂತ ಅವರನ್ನು ಬೈಯಬೇಡಿ. ಈ ಸಂಗೀತವನ್ನು ಹೊರಗಿನವರ ಕಿವಿಗೆ ಮತ್ತೆ ಹಾಕಿದವರಲ್ಲಿ ಅವರೂ ಇದ್ದಾರೆ. ವ್ರೊತ್ಸ್ವಾಫ್ ಊರಿನ ಸ್ಕಾಲ್ಪೆಲ್ ಜೋಡಿ ಹಳೆಯ ಪೋಲಿಷ್ ಜಾಜ್ ಡಿಸ್ಕ್‌ಗಳನ್ನೇ ಕತ್ತರಿಸಿ ಜೋಡಿಸಿ ಸಂಗೀತ ಮಾಡಿತು. 2004ರಲ್ಲಿ ಲಂಡನ್ನಿನ ನಿಂಜಾ ಟ್ಯೂನ್ ಕಂಪನಿ ಅವರ ಆಲ್ಬಮ್ ತಂದಿತು. ಅದನ್ನು ಕೇಳಿ ಮೂಲ ಹುಡುಕಿಕೊಂಡು ಹೋದವರು ಕಡಿಮೆ ಇಲ್ಲ.

ಈಗ ಈ ದಾರಿಯಲ್ಲಿ ಯಾರಾದ್ರೂ ಇದ್ದಾರಾ?

ವ್ರೊತ್ಸ್ವಾಫ್‌ನ ಇಎಬಿಎಸ್ ಕೇಳಿ. 2017ರಲ್ಲಿ ಕೊಮೆದಾ ಸಂಗೀತವನ್ನು ಹಿಪ್‌ಹಾಪ್ ಲಯಕ್ಕೆ ಕೂರಿಸಿ ಮೊದಲ ಆಲ್ಬಮ್ ತಂದರು. 2023ರಲ್ಲಿ ಲಾಹೋರಿನ ಜೌಬಿ ತಂಡದ ಜೊತೆ ‘ಇನ್ ಸರ್ಚ್ ಆಫ್ ಎ ಬೆಟರ್ ಟುಮಾರೊ’ ಮಾಡಿದರು. ಸಾರಂಗಿ, ತಬಲಾ ಒಂದು ಕಡೆ, ಪೋಲೆಂಡಿನ ಊದುವಾದ್ಯಗಳು ಇನ್ನೊಂದು ಕಡೆ. ನಮ್ಮ ಅರ್ಥದ ಫ್ಯೂಷನ್ನೂ ಅವರ ಅರ್ಥದ ಫ್ಯೂಷನ್ನೂ ಒಂದೇ ಆಲ್ಬಮ್ಮಿನಲ್ಲಿ ಬೇಕಾದವರು ಇಲ್ಲಿಂದಲೇ ಶುರು ಮಾಡಿ ಹಿಂದಕ್ಕೆ ಹೋಗಬಹುದು.